ಬಿಲಾಲ ಕೂಡಿಸಿದ ಕೂಗು

ಬಿಲಾಲ ಕೆಲಸ ಮಾಡಿದ ಸಿನಿಮಾ ಗೋವಾದ ವಾಸ್ಕೋದ ಟಾಕೀಜಿಗೆ ಬಂದಾಗ ಝುವಾರಿನಗರದ ಅವರ ಸಾಲಿನ ಮನೆಗಳಿಗೆಲ್ಲ ಪುಕ್ಕಟೆ ಪಾಸು ಸಿಕ್ಕವು. ಅವನ ತಾಯಿ ಖುರ್ಷಿದಾಬೇಗಂಗೆ ಮಾತ್ರ ಸಿಗಲಿಲ್ಲ.

"ಅಮ್ಮಿಗೆ ಬ್ಯಾಡ. ಆ ಸಪ್ಪಳಕ್ಕ ಆಕಿ ತಲಿ ಹಿಡಿತೈತಿ," ಅಂದ ಬಿಲಾಲ.

ಪಕ್ಕದ ಖೋಲಿಯ ಲಕ್ಷ್ಮವ್ವನಿಗೆ ಈ ಮಾತು ಸರಿ ಕಾಣಲಿಲ್ಲ. ಖುರ್ಷಿದಾ ಇಪ್ಪತ್ತು ವರ್ಷದಿಂದ ಅವಳ ನೆರೆಯವಳು. ಮೊದಲು ಬಾಯ್ನಾದ ಸಮುದ್ರ ದಂಡೆಯಲ್ಲಿ, ಸರಕಾರದವರು ಅಲ್ಲಿಯ ಮನೆಗಳನ್ನು ಕೆಡವಿದ ಮೇಲೆ ಇಲ್ಲಿ. ಗಿರಣಿಯಲ್ಲಿ ಹಿಟ್ಟು ಬೀಸುವ ತನಕ ಗೋಡೆಗೆ ಒರಗಿ ನಿದ್ದೆ ಹೊಡೆಯುವ ಹೆಂಗಸು ಅವಳು. ಅಂಥವಳಿಗೆ ಸಿನಿಮಾದ ಸಪ್ಪಳಕ್ಕೆ ತಲೆ ಹಿಡಿಯುತ್ತದೆಯೇ?

ಭಾನುವಾರ ಮಧ್ಯಾಹ್ನದ ಆಟಕ್ಕೆ ಲಕ್ಷ್ಮವ್ವ ಮಗಳು ಮೀನಾಳ ಜೊತೆ ಹೋದಳು. ಹಿಂದಿ ಸಿನಿಮಾ. ಬೇರೆ ಯಾವುದೋ ಗ್ರಹದವರು ಭೂಮಿಯ ಮೇಲೆ ದಂಡೆತ್ತಿ ಬರುವ ಕತೆ. ಸಮುದ್ರದೊಳಗಿಂದ ಏಡಿಯಂಥ ದೊಡ್ಡ ದೊಡ್ಡ ಯಂತ್ರಗಳು ಎದ್ದು ಬರುತ್ತಿದ್ದವು. ಲಕ್ಷ್ಮವ್ವನಿಗೆ ಅವನ್ನು ಕಂಡು ನಗು ಬಂತು. ಆದರೆ ಮೊದಲನೆಯ ಯಂತ್ರ ಬೆಂಕಿ ಉಗುಳುವ ಮೊದಲು ಬಾಯಿ ತೆರೆದು ಒಂದು ಕೂಗು ಹಾಕಿತು. ತಗ್ಗಿನಿಂದ ಎದ್ದು, ನಡುವೆ ಮುರಿದು, ಮತ್ತೆ ಎದ್ದ ಕೂಗು. ಟಾಕೀಜಿನ ಜನರೆಲ್ಲ ಮಾತು ನಿಲ್ಲಿಸಿದರು. ಹಿಂದೆ ಯಾವುದೋ ಕೂಸು ಅಳತೊಡಗಿತು.

ಲಕ್ಷ್ಮವ್ವ ಮಗಳ ಮುಂಗೈ ಹಿಡಿದಳು. "ಮೀನಾ, ಅದು ನನ್ನ ದನಿ."

"ಏನಬೇ?"

"ಬಾಯ್ನಾದಾಗ ಮನಿ ಕೆಡವಿದ ದಿನ ನಾ ಅತ್ತಿದ್ದೆನಲ್ಲ. ಅದ ದನಿ."

"ಅವ್ವಾ, ಅದನ್ನೆಲ್ಲ ಕಂಪ್ಯೂಟರಿನಾಗ ಮಾಡ್ತಾರ. ಸುಮ್ಮನ ನೋಡು."

ಆ ಯಂತ್ರ ಕೂಗಿದಾಗಲೆಲ್ಲ ಲಕ್ಷ್ಮವ್ವನ ಅನುಮಾನ ಗಟ್ಟಿಯಾಗುತ್ತ ಹೋಯಿತು. ಐದು ವರ್ಷದ ಹಿಂದೆ ಮನೆ ಕೆಡವುವ ಹೊತ್ತಿಗೆ ಬಿಲಾಲ ವಾಸ್ಕೋದ ಒಬ್ಬ ಮದುವೆ ವಿಡಿಯೋದವನ ಕೈಕೆಳಗೆ ಇದ್ದ. ಯಾವಾಗಲೂ ಹೆಗಲಿಗೆ ಒಂದು ಟೇಪ್ ರೆಕಾರ್ಡರ್ ಇರುತ್ತಿತ್ತು. ಆ ದಿನ ಎಲ್ಲರೂ ಪಾತ್ರೆ, ಹಾಸಿಗೆ ಎಳೆಯುತ್ತಿದ್ದಾಗ ಅವನು ಎಲ್ಲಿದ್ದ? ಎಷ್ಟು ನೆನಪಿಸಿಕೊಂಡರೂ ಅವನ ಕೈಯಲ್ಲಿ ಒಂದು ಪಾತ್ರೆಯೂ ಕಾಣಲಿಲ್ಲ.

ಮರುದಿನ ಖಾನಾವಳಿಗೆ ರೊಟ್ಟಿ ಬಡಿದು ಮುಗಿಸಿ ಬಂದವಳು ಬಿಲಾಲನನ್ನು ತನ್ನ ಬಾಗಿಲಲ್ಲೇ ನಿಲ್ಲಿಸಿದಳು. ಅವನು ಈಗ ಪಣಜಿಯ ಒಂದು ಸ್ಟುಡಿಯೋದಲ್ಲಿ ಸಿನಿಮಾಗಳಿಗೆ ಸಪ್ಪಳ ಕೂಡಿಸುವ ಕೆಲಸ ಮಾಡುತ್ತಿದ್ದ.

"ಆ ಮಷಿನು ಕೂಗ್ತೈತಲ್ಲ, ಅದರಾಗ ಏನೇನ ಹಾಕಿದಿ?"

"ಹಡಗಿನ ಭೋಂಗಾ, ದೊಡ್ಡವ್ವ. ಕ್ರೇನಿನ ಸರಪಳಿ ಎಳದದ್ದು. ಮತ್ತ ಎಮ್ಮಿ ಒದರಿದ್ದು."

"ಮತ್ತ?"

"ಅಷ್ಟ."

ಹೇಳುತ್ತ ಅವನು ತಾಯಿಯ ಬಾಗಿಲ ಕಡೆ ನೋಡಿದ. ಲಕ್ಷ್ಮವ್ವ ಅದನ್ನು ಗಮನಿಸಿದಳು. ಸುಳ್ಳು ಹೇಳುವಾಗ ಕಿವಿ ಕೆರೆದುಕೊಳ್ಳುವುದು ಅವನಿಗೆ ಚಡ್ಡಿ ಹಾಕುವ ಕಾಲದ ಚಾಳಿ. ಈಗಲೂ ಕೆರೆದುಕೊಂಡ.

"ಹಂಗಾರ ನನಗ ಬಿಡಿಬಿಡಿ ಮಾಡಿ ಕೇಳಸು," ಅಂದಳು. "ಎಮ್ಮಿ ಬ್ಯಾರೆ, ಸರಪಳಿ ಬ್ಯಾರೆ."

"ಇಲ್ಲಿ ಆಗೂದಿಲ್ಲ. ಸ್ಟುಡಿಯೋಕ್ಕ ಬರಬೇಕಾಗ್ತೈತಿ."

"ಬರ್ತೀನಿ."

ಆ ವಾರವೆಲ್ಲ ಅವಳು ಖುರ್ಷಿದಾಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಮಗನ ಮೇಲೆ ಅನುಮಾನ ಇಟ್ಟುಕೊಂಡು ತಾಯಿಯ ಮುಂದೆ ನಗುವುದು ಹೇಗೆ? ಸಾಲಿನ ಹೆಂಗಸರು ತಮ್ಮತಮ್ಮಲ್ಲೇ ಲೆಕ್ಕ ಹಾಕಿದರು. ಹುಡುಗನಿಗೆ ಹೆಸರು ಬಂದದ್ದು ನೋಡಿ ಇವಳಿಗೆ ಹೊಟ್ಟೆಕಿಚ್ಚು ಎಂದಳು ಎದುರು ಮನೆಯ ಅಮೀರಬಿ. ಲಕ್ಷ್ಮವ್ವ ಕೇಳಿಯೂ ಕೇಳದಂತೆ ನಳದ ನೀರು ಹಿಡಿದುಕೊಂಡು ಬಂದಳು. ಖುರ್ಷಿದಾ ಮಾತ್ರ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು.

ಮುಂದಿನ ಮಂಗಳವಾರ ಖಾನಾವಳಿಗೆ ರಜೆ. ಬಸ್ಸಿನಲ್ಲಿ ಬಿಲಾಲ ಲಕ್ಷ್ಮವ್ವನಿಗೆ ಕಿಟಕಿಯ ಜಾಗ ಬಿಟ್ಟುಕೊಟ್ಟ.

ಸ್ಟುಡಿಯೋ ಎಂದರೆ ಗೋಡೆಗೆಲ್ಲ ಹಾಸಿಗೆಯಂಥದ್ದು ಮೆತ್ತಿದ ಒಂದು ಸಣ್ಣ ಕೋಣೆ. ಬಿಲಾಲ ಕಂಪ್ಯೂಟರ್ ಮುಂದೆ ಕೂತು ಒಂದೊಂದೇ ಸಪ್ಪಳ ಹಚ್ಚಿದ. ಬಂದರಿನಲ್ಲಿ ಹಡಗು ಊದುವ ಭೋಂಗಾ. ಸರಪಳಿ. ಎಮ್ಮೆ. ಬೇರೆಬೇರೆಯಾಗಿ ಕೇಳಿದರೆ ಯಾವುದೂ ಹೆದರಿಸುವಂಥದ್ದಲ್ಲ.

"ಕೊಲ್ಲಾಕ ಬಂದವ ಸಪ್ಪಳಿಲ್ದ ಬರಬೇಕಲ್ಲ?" ಲಕ್ಷ್ಮವ್ವ ಕೇಳಿದಳು. "ಇವ್ಯಾಕ ಹಂಗ ಒದರಿಕೋತ ಬರ್ತಾವ?"

"ಸಪ್ಪಳಿಲ್ದ ಬಂದ್ರ ಒಳಗಿದ್ದವರು ಒಳಗ ಇರ್ತಾರ. ಒದರಿದ್ರ ಎದ್ದು ಓಡ್ತಾರ. ಓಡೂದನ್ನ ತೋರಸಬೇಕು ಸಿನಿಮಾದಾಗ."

"ಭೋಂಗಾ ಕೇಳಿದ್ರ ಯಾರೂ ಓಡೂದಿಲ್ಲ. ದಿನಾ ಕೇಳ್ತೀವಿ."

"ಅದಕ್ಕ, ಬರೇ ಕಬ್ಬಿಣ ಸಾಲೂದಿಲ್ಲ ದೊಡ್ಡವ್ವ." ಬಿಲಾಲ ಈಗ ತನ್ನ ಕೆಲಸದ ಹುರುಪಿನಲ್ಲಿ ಮೈಮರೆತಿದ್ದ. "ಕಬ್ಬಿಣದಾಗ ಉಸಿರು ಸೇರಿಸಬೇಕು. ಇದು ಮಷಿನೋ, ಜೀವವೋ ಅಂತ ಕಿವಿಗೆ ತಿಳಿಬಾರದು. ನಮ್ಮ ಸರ್ ಮೂರು ಸಲ ತಿರುಗಿ ಕಳಿಸಿದ್ರು. ಎಮ್ಮಿ ಹಾಕಿದೆ, ಹುಲಿ ಹಾಕಿದೆ. ಯಾವುದೂ ಕೂಡಲಿಲ್ಲ. ಕಡೀಕ…"

ಅಲ್ಲಿಗೆ ನಿಂತ.

"ಕಡೀಕ ಏನ ಹಾಕಿದಿ?"

ಪರದೆಯ ಮೇಲೆ ಗೆರೆಗಳು ಒಂದರ ಕೆಳಗೊಂದು ಇದ್ದವು. ಲಕ್ಷ್ಮವ್ವನಿಗೆ ಓದಲು ಬಾರದು. ಆದರೆ ಅವನು ಒಂದು ಗೆರೆಯನ್ನು ಮುಟ್ಟದೆ ದಾಟಿದ್ದು ಅವಳಿಗೆ ಕಂಡಿತ್ತು. ಅದರ ಮೇಲೆ ಬೆರಳಿಟ್ಟಳು.

"ಇದನ್ನ ಹಚ್ಚು."

ಬಿಲಾಲ ಅದನ್ನು ಹಚ್ಚಿದ.

ಹೆಂಗಸಿನ ಅಳು. ಸುತ್ತ ಜನರ ಗದ್ದಲ, ತಗಡು ಮುರಿಯುವ ಸಪ್ಪಳ, ಹಿಂದೆ ಇಂಜಿನ್ನು. ಅಳು ತಗ್ಗಿನಿಂದ ಎದ್ದು, ನಡುವೆ ಮುರಿದು, ಮತ್ತೆ ಎದ್ದಿತು. ಅದು ತನ್ನದೇ ದನಿ ಎಂದು ಹೇಳಲು ಲಕ್ಷ್ಮವ್ವ ಬಾಯಿ ತೆರೆದಳು. ಅಷ್ಟರಲ್ಲಿ ಅಳುವವಳು "ಯಾ ಅಲ್ಲಾ" ಎಂದಳು.

"ಅಮ್ಮಿದು," ಬಿಲಾಲ ಹೇಳಿದ. ತಲೆ ಎತ್ತಲಿಲ್ಲ.

"ಸುಳ್ಳು. ನಾನೂ ಅತ್ತೀನಿ ಅವತ್ತು. ನನ್ನದೂ ಇರಬೇಕು ಅದರಾಗ."

"ನೀ ಅಳಲಿಲ್ಲ ದೊಡ್ಡವ್ವ."

ಅವಳು ನಂಬಲಿಲ್ಲ. ಐದು ವರ್ಷ ಅವಳ ಕಿವಿಯಲ್ಲಿ ಉಳಿದ ಅಳು ಅದು. ತನ್ನದಲ್ಲ ಎಂದರೆ ಹೇಗೆ ನಂಬುವುದು? ಇವನು ತನ್ನ ಭಾಗ ಕತ್ತರಿಸಿ ಇಟ್ಟಿರಬೇಕು. ಪೂರಾ ಹಚ್ಚು ಎಂದಳು. ಅವನು ಮೊದಲಿನಿಂದ ಹಚ್ಚಿದ. ಅಳುವಿನ ನಡುವೆ ಒಂದು ಕಡೆ, ಟೇಪಿನ ಹತ್ತಿರವೇ ನಿಂತಂತೆ, ಇನ್ನೊಬ್ಬ ಹೆಂಗಸಿನ ಮಾತು ಕೇಳಿಸಿತು. ಸಂತೆಯಲ್ಲಿ ಮಾತಾಡುವಷ್ಟು ಸಮಾಧಾನದ ದನಿ. "ಹಂಡೆ ಮೊದಲ ತಗೋ. ಮೀನಾ, ಹಂಡೆ. ಹಾಸಿಗಿ ಆಮ್ಯಾಲ."

ಲಕ್ಷ್ಮವ್ವ ತನ್ನ ಆ ಮಾತನ್ನು ಎರಡು ಸಲ ಕೇಳಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಕುಡಿಯಲು ನೀರು ಕೇಳಿದಳು.

"ಪೇಪರಿನವರಿಗೆ ಕೊಡಬೇಕಂತ ಹಿಡದಿದ್ದೆ," ಬಿಲಾಲ ಹೇಳಿದ. "ಖರೇನ. ಕೊಡಾಕ ಹೋದೆ. ಅಳೂದನ್ನ ಏನ ಛಾಪಸೂದು ಅಂದ್ರು. ಆಮ್ಯಾಲ ಹಂಗ ಉಳೀತು."

"ತಾಯಿಗೆ ಹೇಳೀಯೇನು?"

"ಇಲ್ಲ."

"ಇವತ್ತ ಹೇಳು."

ಸಂಜೆಗೆ ಮರಳಿದಾಗ ಖುರ್ಷಿದಾ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಇಬ್ಬರೂ ಒಟ್ಟಿಗೆ ಬಂದದ್ದು ನೋಡಿ ಸುಲಿಯುವುದನ್ನು ನಿಲ್ಲಿಸಿದಳು.

"ಹೇಳಿ ಬಿಡ್ರಿ," ಅಂದಳು. "ಎಂಟು ದಿನ ಆತು, ನನ್ನ ಬೆನ್ನ ಹಿಂದ ಏನೋ ನಡಸೀರಿ. ಲಕ್ಷ್ಮಕ್ಕ ಮಾರಿ ಕೊಟ್ಟು ಮಾತಾಡವಲ್ಲಳು. ಹುಡುಗ ಉಣ್ಣವಲ್ಲ. ಲಗ್ನದ ವಿಚಾರ ಏನು? ಎಲ್ಲೆರೆ ಹುಡುಗಿ ನೋಡ್ಯಾನೇನು?"

ಬಿಲಾಲ ಹೇಳಿದ. ಹೇಳುವಾಗ ಮೂರು ಸಲ ತಡವರಿಸಿದ. ಲಕ್ಷ್ಮವ್ವ ನಡುವೆ ಬಾಯಿ ಹಾಕಲಿಲ್ಲ. ಖುರ್ಷಿದಾ ಕೇಳಿಸು ಎಂದಳು. ಅವನು ಮೊಬೈಲಿನಲ್ಲಿ ಸಿನಿಮಾದ ಕೂಗನ್ನು ಹಚ್ಚಿ ಅವಳ ಕಿವಿಗೆ ಹಿಡಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಮುಖದಲ್ಲಿ ಏನೂ ಕಾಣಲಿಲ್ಲ.

"ಇದನ್ನ ಕೇಳಿ ಮಂದಿ ಅಂಜ್ತಾರ?"

"ಹೂಂ, ಅಮ್ಮಿ. ಟಾಕೀಜಿನಾಗ ಕೂಸುಗಳು ಅಳ್ತಾವ."

"ಅವತ್ತ ಯಾರೂ ಅಂಜಲಿಲ್ಲ," ಅಂದಳು ಖುರ್ಷಿದಾ.

ಬಿಲಾಲ ತಾಯಿಯ ಕಾಲ ಹತ್ತಿರ ಕೂತ. ಅವಳು ಅವನನ್ನು ಬಯ್ಯಲಿಲ್ಲ. ತಲೆಯ ಮೇಲೆ ಕೈಯನ್ನೂ ಇಡಲಿಲ್ಲ. ಬೆಳ್ಳುಳ್ಳಿಯ ಮೊರ ತೊಡೆಯ ಮೇಲೆ ಎಳೆದುಕೊಂಡು, "ನನ್ನ ಕೇಳಬೇಕಿತ್ತು," ಅಂದಳು. "ಕೊಡತಿದ್ನೋ ಬಿಡತಿದ್ನೋ, ಕೇಳಬೇಕಿತ್ತು."

ಆಮೇಲೆ ಕೆಲವು ದಿನ ಅವನು ಮನೆಯಲ್ಲಿ ಉಣ್ಣುವಾಗ ತಾಯಿ ಅವನ ಮುಂದೆ ಕೂತು ಬಡಿಸಲಿಲ್ಲ. ಗಂಗಾಳ ಇಟ್ಟು ಹೊರಗೆ ಹೋಗುತ್ತಿದ್ದಳು. ಮಳೆಗಾಲ ಬರುವ ಹೊತ್ತಿಗೆ ಅದೂ ಸರಿಹೋಯಿತು. ಸಿನಿಮಾ ನೋಡಲು ಮಾತ್ರ ಅವಳು ಹೋಗಲಿಲ್ಲ. ಅದು ಟಿವಿಯಲ್ಲಿ ಬಂದ ದಿನ ಎದ್ದು ಹೋಗಿ ಬಂದ್ ಮಾಡಿದಳು.

ಲಕ್ಷ್ಮವ್ವನ ಅನುಮಾನ ಪೂರಾ ಹೋಗಲಿಲ್ಲ. ಬಿಲಾಲ ಒಳಗೆ ಬಂದರೆ ಮೊದಲು ಅವನ ಕೈ ನೋಡುತ್ತಾಳೆ, ಮೊಬೈಲನ್ನು ಕಪಾಟಿನ ಮೇಲೆ ಇಡಿಸುತ್ತಾಳೆ, ಆಮೇಲೆ ಚಹಾಕ್ಕೆ ನೀರಿಡುತ್ತಾಳೆ. ಒಂದು ಸಲ ಖುರ್ಷಿದಾ ಇಲ್ಲದ ಹೊತ್ತಿನಲ್ಲಿ ಅವನನ್ನು ಕೇಳಿದಳು.

"ನಾ ಯಾಕ ಅಳಲಿಲ್ಲ ಅವತ್ತ?"

ಬಿಲಾಲ ವಿಚಾರ ಮಾಡಿದ. "ಗೊತ್ತಿಲ್ಲ ದೊಡ್ಡವ್ವ. ಹಂಡೆ ಭಾಳ ಭಾರ ಇತ್ತು."

ಅವಳು ಹೌದೆಂದು ತಲೆಯಾಡಿಸಿ ಚಹಾ ಸೋಸಿದಳು.