ಭಾನುವಾರದ ಹೊಟ್ಟೆನೋವು

ಟೈಲರಮ್ಮನ ಮಗಳಿಗೆ ಭಾನುವಾರ ಬಂತೆಂದರೆ ಸಾಕು, ಹೊಟ್ಟೆನೋವು. ಹತ್ತು ಗಂಟೆಗೆ, ಬೇರೆ ಇರುವ ಅಪ್ಪ ಬಂದು ಕರೆದೊಯ್ಯಬೇಕೆಂದು ಕೋರ್ಟು ಹೇಳಿದೆ. ಒಂಬತ್ತೂಮುಕ್ಕಾಲಿಗೇ ಪುಟ್ಟಿ ಕಟಿಂಗ್ ಟೇಬಲ್ಲಿನ ಕೆಳಗೆ ಮುದುರಿಕೊಂಡಿರುತ್ತಾಳೆ. ಅಪ್ಪ ವಾಪಸು ಹೋದನೋ, ನೋವು ಮಾಯ! ಇದೆಂಥ ಕಾಯಿಲೆಯೋ, ಟೈಲರಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. ಮಗಳು ತನ್ನ ಕಡೆಯೇ ಎಂದು ಒಳಗೊಳಗೇ ಖುಷಿ, ಮಗು ಹೀಗೇಕೆ ಬಾಡುತ್ತಿದೆ ಎಂದು ಸಂಕಟ. ಎರಡೂ ಕಲಸಿಹೋಗಿದ್ದವು.

ಆವತ್ತೂ ಅವನು ಬರಿಗೈಲಿ ಹೋದ ಮೇಲೆ ಪಕ್ಕದ ಮನೆಯ ನರ್ಸಕ್ಕ ಬಂದು ಮಗುವಿನ ಹೊಟ್ಟೆ ಒತ್ತಿ ನೋಡಿದರು.

"ಅಪ್ಪನ ಜೊತೆ ಯಾಕೆ ಹೋಗಲ್ಲ ಪುಟ್ಟಿ? ಹೊಡೀತಾರಾ? ಹೆದರಿಸ್ತಾರಾ?"

"ಇಲ್ಲ." ಪುಟ್ಟಿ ಥೇಟ್ ಅಮ್ಮನ ಹಾಗೆ ಕತ್ತು ಕೊಂಕಿಸಿದಳು. "ಆ ಮನುಷ್ಯನಿಗೆ ಮಗಳ ಮೇಲೆ ಕಾಳಜಿ ಅಂತ ಇದ್ದಿದ್ರೆ ಸಂಸಾರ ಹೀಗಾಗ್ತಿತ್ತಾ?"

ಏಳು ವರ್ಷದ ಬಾಯಲ್ಲಿ ಎಪ್ಪತ್ತರ ಮಾತು! ಟೈಲರಮ್ಮ ಕಕ್ಕಾಬಿಕ್ಕಿಯಾದಳು. "ಅಯ್ಯೋ ನರ್ಸಕ್ಕ, ನಾನು ಇವಳ ಹತ್ರ ಅವರ ಬಗ್ಗೆ ಒಂದು ಮಾತೂ ಆಡಿಲ್ಲ!"

"ಮತ್ತೆ ಯಾರು ಹೇಳ್ಕೊಟ್ರು ಪುಟ್ಟಿ?"

"ಯಾರೂ ಇಲ್ಲ. ಅಮ್ಮ ಮಿಷನ್ ತುಳೀತಾ ಚಿಕ್ಕಮ್ಮಂಗೆ ಫೋನಲ್ಲಿ ಹೇಳ್ತಾಳಲ್ಲ. ನಾನು ಟೇಬಲ್ ಕೆಳಗೆ ಗುಂಡುಸೂಜಿ ಆರಿಸ್ತಾ ಇರ್ತೀನಿ."

ಮಿಷನ್ ಸದ್ದಿನಲ್ಲಿ ಮಗುವಿಗೇನು ಕೇಳೀತು ಎಂದುಕೊಂಡಿದ್ದಳು ಟೈಲರಮ್ಮ. ಆ ಸದ್ದಿಗೆ ಮೀರಿ ತಾನೇ ಕಿರುಚುತ್ತಿದ್ದುದು ಹೊಳೆದಿರಲೇ ಇಲ್ಲ. ಆದರೂ ಬಿಡಲಿಲ್ಲ. "ನಾನು ಹೇಳಿದ್ದು ಸುಳ್ಳಾ? ನನ್ನ ಹೊಟ್ಟೆಯುರಿ ನಂಗೇ ಗೊತ್ತು."

"ನಾನು ಸುಳ್ಳು ಅಂದ್ನಾ? ವ್ಯಾಜ್ಯ ನಿಮ್ಮಿಬ್ಬರದು ಕಣೇ. ಮಗುಗೆ ಇಬ್ಬರೂ ಬೇಕು. ಯಾರ ಕಡೆ ನಿಲ್ಲಬೇಕು ಅಂತ ಒದ್ದಾಡ್ತಿದೆ. ಈ ನೋವು ನಾಟಕ ಅಲ್ಲ."

ಪುಟ್ಟಿ ಅಮ್ಮನ ಸೆರಗು ಹಿಡಿದಳು. "ಮೊದಲನೇ ಸಲ ಹೋದಾಗ ಅಪ್ಪ ಉಯ್ಯಾಲೆ ತೂಗಿದ್ರು. ನಾನು ನಕ್ಕುಬಿಟ್ಟೆ. ಸಾರಿ ಅಮ್ಮಾ."

ನಕ್ಕಿದ್ದಕ್ಕೆ ಕ್ಷಮೆ! ಟೈಲರಮ್ಮ ಮಗಳನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡಳು.

ಮುಂದಿನ ಭಾನುವಾರ ಅವಳೇ ಮಗಳ ಜಡೆ ಹೆಣೆದಳು. "ಹೋಗು, ಚೆನ್ನಾಗಿ ನಕ್ಕು ಬಾ."

"ನಿಂಗೆ ಬೇಜಾರಾಗಲ್ವಾ?"

ಸರಿಯೋ ತಪ್ಪೋ, ಟೈಲರಮ್ಮನಿಗೆ ಇನ್ನೂ ಗೊಂದಲವೇ. "ಆಗುತ್ತೆ. ಅದನ್ನ ನಾನು ನೋಡ್ಕೋತೀನಿ. ನೀನು ಉಯ್ಯಾಲೆ ನೋಡ್ಕೋ."

ಹತ್ತು ಗಂಟೆಗೆ ಪುಟ್ಟಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿದ್ದಳು. ಹೊಟ್ಟೆನೋವಿನ ಸುದ್ದಿಯೇ ಇಲ್ಲ.

ಅಮ್ಮಂದಿರೇ, ಅಪ್ಪಂದಿರೇ, ಅಜ್ಜಿ ತಾತಂದಿರೇ, ಮಗುವಿಗೆ ನಿಜಕ್ಕೂ ಅಪಾಯವಿದ್ದರೆ ಮುಚ್ಚಿಡಬೇಡಿ, ಕೋರ್ಟಿಗೆ ತಿಳಿಸಿ. ಇಲ್ಲವೆಂದಾದರೆ ನಿಮ್ಮ ಜಗಳಕ್ಕೆ ಮಗುವನ್ನು ಸಾಕ್ಷಿ ಮಾಡಬೇಡಿ. ಫೋನಿನಲ್ಲಿ ಬೈಯುವ ಮುಂಚೆ ಒಮ್ಮೆ ಬಗ್ಗಿ ಟೇಬಲ್ಲಿನ ಕೆಳಗೆ ನೋಡಿ.