ಎರಡು ದಿನ ಮೊದಲು

“ಬಂದೇಬಿಟ್ಯಾ?” ಎಂದಳು ಅಕ್ಕ. ಬಾಗಿಲು ತೆರೆದವಳ ಕೈಯಲ್ಲಿ ಪೇಂಟ್ ಬ್ರಷ್ಷಿತ್ತು, ಮೊಣಕೈವರೆಗೆ ಹಸಿರು ಬಣ್ಣ. ದನಿಯಲ್ಲಿ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಿತ್ತು.

“ಬರದೇ ಇನ್ನೇನು? ಹತ್ತು ನಿಮಿಷ ಮುಂಚೇನೇ ಇಳಿಸಿಬಿಟ್ಟ!” ತಮ್ಮ ಹೆಮ್ಮೆಯಿಂದ ಹೇಳಿದ, ಪೈಲಟ್ಟು ಇವನ ಮಾತು ಕೇಳಿಯೇ ಓಡಿಸಿದ ಹಾಗೆ.

ಈ ಸಲ ಅವನು ಚಳಿಗಾಲವನ್ನು ನಂಬಿರಲಿಲ್ಲ. ಬೆಳಗಿನ ವಿಮಾನ ಬಿಟ್ಟು, ಮಂಜು ಕರಗುವ ಹೊತ್ತಿನದನ್ನು ಹಿಡಿದಿದ್ದ. ಅಕ್ಕನ ಮಗಳ ಸೋಮವಾರದ ಮದುವೆಗೆ ಭಾನುವಾರವೇ ಹೊರಟಿದ್ದ. ನಿಲ್ದಾಣದಲ್ಲೇ ಬಿದ್ದುಕೊಳ್ಳುವ ಗತಿ ಬಂದರೂ ಇರಲಿ ಎಂದು ಕೈಚೀಲದಲ್ಲಿ ಹೊದಿಕೆ, ಫ್ಲಾಸ್ಕು, ಬಿಪಿ ಮಾತ್ರೆ ಎಲ್ಲ ತುಂಬಿಕೊಂಡಿದ್ದ. ಹೊದಿಕೆಯ ಮಡಿಕೆ ಕೂಡ ಬಿಚ್ಚಬೇಕಾಗಲಿಲ್ಲ.

ಒಳಗೆ ಸೋಫಾ, ಕುರ್ಚಿಗಳೆಲ್ಲ ನಡುಮನೆಯಲ್ಲಿ ಒಂದರ ಮೇಲೊಂದು ಕೂತು ಹಳೆಯ ಬೆಡ್‌ಶೀಟು ಹೊದ್ದಿದ್ದವು. ಏಣಿಯ ಮೇಲಿಂದ ಭಾವ ಇಣುಕಿದ. “ಓ, ಬಾಯ್ಲರ್ ಸಾಹೇಬ್ರು! ನೀನು ಬರೋವಷ್ಟ್ರಲ್ಲಿ ಗೋಡೆ ಒಣಗಿರುತ್ತೆ ಅಂದ್ಕೊಂಡಿದ್ವಲ್ಲಯ್ಯ.”

“ನಾಳೆ ಮದುವೆ ಇಟ್ಕೊಂಡು ಇವತ್ತು ಬಣ್ಣ ಹೊಡೀತಾ ಇದೀರಾ?”

ಭಾವ ಅಕ್ಕನ ಮುಖ ನೋಡಿದ. ಅಕ್ಕ ಬ್ರಷ್ಷನ್ನು ನೋಡಿದಳು. ಆಮೇಲೆ ತಮ್ಮನನ್ನು ಅಡುಗೆಮನೆಗೆ ಕರೆದೊಯ್ದು, ನಲ್ಲಿ ತಿರುಗಿಸಿ ಕೈ ತೊಳೆಯುತ್ತ, ಆ ನೀರಿನ ಸದ್ದಿನೊಳಗೇ ಹೇಳಿದಳು: “ಮದುವೆ ಬುಧವಾರ ಕಣೋ.”

“ಫೋನಲ್ಲಿ ನೀನೇ ಸೋಮವಾರ ಅಂದ್ಯಲ್ಲ?”

“ಅಂದೆ. ಮತ್ತೇನ್ ಮಾಡ್ಲಿ? ಅಮ್ಮ ಹೋದಾಗ ನಿನಗೋಸ್ಕರ ಸಂಜೆವರೆಗೆ ಕಾದ್ವಿ. ನೀನು ಬಂದಿದ್ದು ಮಾರನೇ ದಿನ. ಇವಳ ಕಾಲೇಜಿನ ಸಮಾರಂಭಕ್ಕೂ ಅಷ್ಟೇ, ಕುರ್ಚಿ ಮಡಚೋ ಹೊತ್ತಿಗೆ ಬಂದೆ. ಮಂಜು ಬಿದ್ರೆ ನೀನೇನ್ ಮಾಡ್ತೀಯ, ನಂಗೊತ್ತು. ಆದ್ರೆ ಈ ಹುಡುಗಿ, ಮದುವೆ ರಿಜಿಸ್ಟರಲ್ಲಿ ಸಾಕ್ಷಿ ಸಹಿ ಹಾಕಿದ್ರೆ ಮಾಮನೇ ಹಾಕ್ಬೇಕು ಅಂತ ಕೂತಿದಾಳೆ. ಎರಡು ದಿನ ಮುಂಚಿನ ತಾರೀಖು ಹೇಳಿದ್ರೆ, ಎಷ್ಟೇ ತಡ ಆದ್ರೂ ಬುಧವಾರಕ್ಕೆ ಸೇರ್ಕೋತೀಯ ಅಂದ್ಕೊಂಡೆ.”

“ನಾನು ಮಂಗಳವಾರ ಮಧ್ಯಾಹ್ನಕ್ಕೆ ವಾಪಸ್ ಟಿಕೆಟ್ ಮಾಡ್ಸಿದೀನಿ, ಅಕ್ಕಾ.”

ನೀರು ಸುರಿಯುತ್ತಲೇ ಇತ್ತು. ನಲ್ಲಿಯನ್ನು ಅವನೇ ನಿಲ್ಲಿಸಿದ.

ಅವನು ನೋಡಿಕೊಳ್ಳುತ್ತಿದ್ದುದು ಆಸ್ಪತ್ರೆಯ ಬಾಯ್ಲರ್. ಆಪರೇಷನ್ನಿನ ಕತ್ತರಿ, ಚಿಮಟಗಳೆಲ್ಲ ಶುದ್ಧವಾಗಬೇಕಾದರೆ ಅದರ ಹಬೆಯೇ ಬೇಕು. ಅದನ್ನು ಮುಟ್ಟಲು ಪರವಾನಗಿ ಇದ್ದವರು ಇಬ್ಬರೇ. ಬಾಲ್ಕನಿಗೆ ಹೋಗಿ ಆ ಇನ್ನೊಬ್ಬನಿಗೆ ಫೋನ್ ಮಾಡಿದ.

“ಗುರುವೇ, ಬೇರೆ ಏನ್ ಬೇಕಾದ್ರೂ ಕೇಳು,” ಎಂದ ಆತ. “ಮೂರು ದಿನ ನಿನ್ ಪಾಳೀನೂ ನಾನೇ ಮಾಡ್ತಾ ಇಲ್ವಾ? ಬುಧವಾರ ಬೆಳಿಗ್ಗೆ ನನ್ ಹೆಂಡ್ತೀಗೆ ಸಿಸೇರಿಯನ್. ಅವತ್ತೊಂದಿನ ನಾನು ಅವಳ ಹತ್ರ ಇರ್ಬೇಕು ಕಣಯ್ಯ.”

“ಇರ್ಬೇಕು, ಇರ್ಬೇಕು. ಸುಮ್ನೆ ಕೇಳ್ದೆ.”

ಸಂಜೆ ಅಕ್ಕನ ಮಗಳು ಟೈಲರ್ ಅಂಗಡಿಯಿಂದ ಬಂದವಳು ಚೀಲ ಬಿಸಾಕಿ ಅವನ ಕುತ್ತಿಗೆಗೆ ಜೋತುಬಿದ್ದಳು. “ಮಾಮಾ! ಮಂಜು ನಿಮ್ಮನ್ನ ನೋಡಿ ಹೆದರ್ಕೊಂಡು ಓಡ್ಹೋಯ್ತಾ?”

ಮಂಗಳವಾರದ ಟಿಕೆಟ್ಟಿನ ವಿಷಯ ಕೇಳಿದ ಮೇಲೆ ಆ ನಗು ಎಲ್ಲಿ ಹೋಯಿತೋ. “ಬುಧವಾರ ಮದುವೆ ಅಂತ ಗೊತ್ತಿದ್ದೂ?”

ಅಕ್ಕ ಬಾಗಿಲ ಬಳಿ, ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸುತ್ತ ನಿಂತಿದ್ದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಹೇಳಿಬಿಟ್ಟ: “ನಂದೇ ತಪ್ಪು ಕಣಮ್ಮ. ಸೋಮವಾರ ಅಂತ ತಲೇಲಿ ಇಟ್ಕೊಂಡ್ಬಿಟ್ಟೆ. ನಿಮ್ಮಮ್ಮ ಸರಿಯಾಗೇ ಹೇಳಿದ್ಲು.”

ಹುಡುಗಿ ಕೂಗಾಡಿದ್ದರೆ ಚೆನ್ನಾಗಿತ್ತು. “ಇರ್ಲಿ ಬಿಡಿ ಮಾಮಾ,” ಎಂದಳು. “ಪಕ್ಕದ್ಮನೆ ಅಂಕಲ್ ಹತ್ರ ಸಹಿ ಹಾಕಿಸ್ತೀನಿ.”

ಸೋಮವಾರ ಎಲ್ಲರೂ ಒಂದೊಂದು ಕೆಲಸ ಹಿಡಿದು ಹೊರಗೆ ಹೋದರು. ಅವನು ಭಾವನ ಹಳೆಯ ಚಡ್ಡಿ ತೊಟ್ಟು, ಒಬ್ಬನೇ, ಉಳಿದ ಗೋಡೆಗೆ ಬಣ್ಣ ಬಳಿದ. ಬುಧವಾರದ ಫೋಟೋಗಳಲ್ಲಿ ಹಿಂದೆ ಕಾಣುವುದು ಈ ಗೋಡೆಯೇ ಎಂದು ಭಾವ ಹೇಳಿದ್ದ. ಅದಕ್ಕೇ ಮೂಲೆಗಳಿಗೆ ಎರಡೆರಡು ಸಲ ಬ್ರಷ್ಷು ಆಡಿಸಿದ.

ಮಂಗಳವಾರ ಬೆಳಕು ಹರಿಯುವ ಮುಂಚೆಯೇ ಕಿಟಕಿಗೆ ಹೋಗಿ ನಿಂತ. ಮಂಜಿನಲ್ಲಿ ಎದುರುಮನೆ ಕಾಣುತ್ತಿರಲಿಲ್ಲ. ವಿಮಾನವೇ ಹಾರದಿದ್ದರೆ ಯಾರು ತಾನೇ ಏನನ್ನುತ್ತಾರೆ? ಹಾಗೆ ಅಂದುಕೊಂಡದ್ದೇ ತಡ, ಆಸ್ಪತ್ರೆಯ ಜೊತೆಗಾರನ ಹೆಂಡತಿ ನೆನಪಾಗಿ ನಾಚಿಕೆಯಾಯಿತು. ಆದರೂ ಕಿಟಕಿ ಬಿಟ್ಟು ಕದಲಲಿಲ್ಲ. ಎಂಟಕ್ಕೆ ಎದುರುಮನೆಯ ತಾರಸಿ ಕಂಡಿತು. ಒಂಬತ್ತಕ್ಕೆ ಅಲ್ಲಿ ಒಣಹಾಕಿದ್ದ ಬಟ್ಟೆಯ ಕ್ಲಿಪ್ಪುಗಳೂ ಕಂಡವು.

ಅಕ್ಕ ಟ್ಯಾಕ್ಸಿಯವರೆಗೆ ಬಂದು ಅವನ ಮಫ್ಲರ್ ಸರಿಮಾಡಿದಳು. “ಅವಳಿಗೆ ನಿಜ ಹೇಳ್ಬಿಡ್ತೀನಿ,” ಎಂದಳು.

“ಮದುವೆ ಹುಡುಗಿ. ಈಗ್ಯಾಕೆ? ಸುಮ್ನಿರು.”

ನಿಲ್ದಾಣದ ಫಲಕದಲ್ಲಿ ಎಲ್ಲ ವಿಮಾನಗಳೂ ಸರಿಯಾದ ಸಮಯಕ್ಕೇ ಇದ್ದವು. “ಅದೃಷ್ಟ ಸಾರ್ ನಮ್ದು!” ಎಂದ ಪಕ್ಕದ ಕುರ್ಚಿಯವನು. “ಹೋದ ವಾರ ಇಲ್ಲೇ ಒಂಬತ್ತು ಗಂಟೆ ಕೂತಿದ್ದೆ. ಇವತ್ತು ನೋಡಿ, ಚೂರೂ ಮಂಜಿಲ್ಲ.”

“ಹೌದು ಹೌದು, ಚೂರೂ ಇಲ್ಲ,” ಎಂದ ಇವನು.

ಗೇಟಿನ ಮುಂದೆ ಸಾಲು ನಿಂತಿತು. ಮಗು ಎತ್ತಿಕೊಂಡಿದ್ದ ಹೆಂಗಸಿಗೆ “ನೀವು ಮುಂದೆ ಹೋಗಿ ತಾಯಿ” ಎಂದ. ಕೋಲು ಹಿಡಿದ ಮುದುಕರನ್ನು ಮುಂದೆ ಬಿಟ್ಟ. ಫೋನಿನಲ್ಲಿ ಮುಳುಗಿದ್ದ, ಯಾವ ಅವಸರವೂ ಇಲ್ಲದ ಯುವಕನನ್ನೂ ಹೆಗಲು ತಟ್ಟಿ ಮುಂದಕ್ಕೆ ಕಳಿಸಿದ. “ತುಂಬಾ ಒಳ್ಳೆಯವರು ನೀವು,” ಎಂದರು ಯಾರೋ. ತಿರುಗಿ ನೋಡಿದರೆ ಹಿಂದೆ ಇನ್ಯಾರೂ ಇರಲಿಲ್ಲ, ಖಾಲಿ ಕುರ್ಚಿಗಳ ಮೇಲೆ ಬಿಸಿಲು ಬಿದ್ದಿತ್ತು.

“ಬನ್ನಿ ಸರ್, ನೀವೇ ಕೊನೆ,” ಎಂದು ಗೇಟಿನ ಹುಡುಗಿ ಕೈ ಚಾಚಿದಳು. ಅವನು ಕೈಯಲ್ಲೇ ಇದ್ದ ಬೋರ್ಡಿಂಗ್ ಪಾಸನ್ನು ಜೇಬುಗಳಲ್ಲಿ ಹುಡುಕತೊಡಗಿದ.