ಹಡಗಿನ ಊಟದ ಕೋಟು

"ಉಸರ ಬಿಡ್ರಿ ಮಾಸ್ತರ್ರ. ಎದಿ ಉಬ್ಬಿಸಿ ಅಳತಿ ಕೊಟ್ರ ಕೋಟ್ ನಾಳೆ ಸಡ್ಲ ಆಕ್ಕೈತಿ."

ಮೆಹಬೂಬಸಾಬನ ಟೇಪು ಎದೆಯ ಸುತ್ತ ಬಂದು ನಿಂತಿತ್ತು. ತಾನು ಉಸಿರು ಹಿಡಿದುಕೊಂಡಿದ್ದೇನೆ ಎನ್ನುವುದು ಪರಪ್ಪನಿಗೆ ಆಗಲೇ ಗೊತ್ತಾದದ್ದು. ಮೂವತ್ತನಾಲ್ಕರ ವಯಸ್ಸು, ರಾಮದುರ್ಗದ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ವಿಜ್ಞಾನ ಕಲಿಸುವ ಮಾಸ್ತರಿಕೆ. ಆದರೂ ಅಳತೆಗೆ ನಿಂತರೆ ಅವನ ಮೈ ತಾನಾಗಿಯೇ ಬಿಗಿದುಕೊಳ್ಳುತ್ತಿತ್ತು. ಸಾಲಹಳ್ಳಿಯಲ್ಲಿ ಅವನು ಸಣ್ಣವನಿದ್ದಾಗ ಸಿಂಪಿಗ ಕಟ್ಟೆಯ ಮೇಲೆ ಕುಳಿತಲ್ಲಿಂದಲೇ, ಕೆಳಗೆ ನಿಂತ ಮಾದರ ಕೇರಿಯ ಮಕ್ಕಳನ್ನು "ಹೊಳ್ಳು, ಕೈ ಎತ್ತು" ಎಂದು ತಿರುಗಿಸಿ ನೋಡಿ, ಕಣ್ಣಳತೆಯಲ್ಲೇ ಅಂಗಿ ಕತ್ತರಿಸುತ್ತಿದ್ದ. ಆ ಅಂಗಿಗಳು ಯಾರ ಮೈಗೂ ಸರಿಯಾಗಿ ಕೂತದ್ದಿಲ್ಲ.

ಕತ್ತರಿ ಹಾಕುವ ಮೇಜಿನ ಮೇಲೆ ಹಡಗಿನ ಕಂಪನಿ ಕಳಿಸಿದ ಪುಸ್ತಿಕೆ ಬಿಚ್ಚಿಕೊಂಡು ಬಿದ್ದಿತ್ತು. ಆಫ್ರಿಕದ ಟಾಂಜಾನಿಯಾದ ಒಂದು ಶಾಲೆಗೆ ಪರಪ್ಪ ಎರಡು ವರ್ಷದ ಮಟ್ಟಿಗೆ ಆಯ್ಕೆಯಾಗಿದ್ದ. ಮುಂಬಯಿಯಿಂದ ದಾರ್-ಎಸ್-ಸಲಾಮಿಗೆ ಹಡಗಿನ ಟಿಕೇಟನ್ನೂ ಅಲ್ಲಿಯ ಸರಕಾರವೇ ಕಳಿಸಿತ್ತು. ಟಿಕೇಟಿನ ಜೊತೆ ಬಂದ ಪುಸ್ತಿಕೆಯ ಏಳನೆಯ ಪುಟದಲ್ಲಿ, ಪ್ರಯಾಣದಲ್ಲಿ ಎರಡು ರಾತ್ರಿ ಕ್ಯಾಪ್ಟನ್ನರ ವಿಶೇಷ ಭೋಜನವಿರುತ್ತದೆ, ಆ ರಾತ್ರಿ ಪುರುಷರು ಕಪ್ಪು ಸೂಟು, ಬಿಳಿ ಅಂಗಿ, ಕೊರಳಿಗೆ ಚಿಟ್ಟೆಯಾಕಾರದ ಕಪ್ಪು ಬೋ ಧರಿಸಿ ಬರತಕ್ಕದ್ದು, ಇಲ್ಲವೇ ತಮ್ಮ ದೇಶದ ಉಡುಪಿನಲ್ಲಿ ಬರಬಹುದು ಎಂದಿತ್ತು. ಪಕ್ಕದಲ್ಲಿ ಹಾಗೆ ಉಡುಪು ತೊಟ್ಟ ಒಬ್ಬ ಬಿಳಿಯನ ಚಿತ್ರ.

"ಒಂದ ಊಟಕ್ಕ ಇಷ್ಟೆಲ್ಲಾ ಶೃಂಗಾರ?" ಎಂದ ಮೆಹಬೂಬಸಾಬ, ಕನ್ನಡಕವನ್ನು ಹಣೆಯ ಮೇಲೇರಿಸಿ ಚಿತ್ರವನ್ನು ಕಣ್ಣಿಗೆ ಹಿಡಿಯುತ್ತ. "ಕೋಟಿಂದೇನ ಚಿಂತಿ ಇಲ್ಲ. ಕೋರ್ಟಿನ ವಕೀಲರಿಗೆಲ್ಲಾ ನಾನ ಹೊಲೀತೇನಿ. ಈ ಕೊಳ್ಳಾಗಿನ ಚಿಟ್ಟಿ ಮಾತ್ರ ಹೆಂಗ ಕುಂತೈತಿ ತಿಳೀವಲ್ದು."

"ಗಂಟ ಹಾಕ್ತಾರಂತ ಚಾಚಾ."

"ಗಂಟ ಹಾಕಾಕ ನಿಮಗೂ ಬರೂದಿಲ್ಲ, ನನಗೂ ಬರೂದಿಲ್ಲ. ಹೊಲದ ಬಿಡ್ತೇನಿ, ಹಿಂದ ಒಂದ ಹುಕ್ ಇಟ್ಟ."

ಅಂದು ಸಂಜೆ ಮನೆಯಲ್ಲಿ ಪುಸ್ತಿಕೆ ಓದಿಸಿಕೊಂಡ ಹೆಂಡತಿ ಕೃಷ್ಣವ್ವ ಬೇರೆಯೇ ಒಂದು ಮಾತಿಗೆ ನಿಂತುಕೊಂಡಳು. "ದೇಶದ ಉಡುಪು ಆದ್ರೂ ನಡೀತೈತಿ ಅಂದಾರಲ್ರೀ. ನಮ್ಮ ದೇಶದ ಉಡುಪು ಯಾವುದು?"

ಪರಪ್ಪನಿಗೆ ನೆನಪಾದದ್ದು ತಂದೆಯ ಉಡುಪು. ತಂದೆ ಶಟ್ಟೆಪ್ಪ ಬದುಕಿರುವ ತನಕ ಉಟ್ಟದ್ದು ಮೊಣಕಾಲ ಮೇಲಿನ ಪಂಜೆ. ತೊಟ್ಟದ್ದು ಸಾವಕಾರ ನಿಜಗುಣಪ್ಪನವರ ಮನೆಯಿಂದ ಬಂದ ಹಳೆಯ ಕೋಟು. ಬೇಸಿಗೆಯಲ್ಲೂ ಅದೇ, ಚಳಿಗಾಲದಲ್ಲೂ ಅದೇ. ಅದರ ಎದೆ ಮುಚ್ಚಲು ಅವನು ಜಾಲಿಯ ಮುಳ್ಳು ಚುಚ್ಚಿಕೊಳ್ಳುತ್ತಿದ್ದ.

"ಕೋಟ ಕೊಡು ಮುಂದ ಗುಂಡಿ ಕಿತ್ತಗೊಂಡ ಕೊಡತಿದ್ರು," ಎಂದಳು ಮೂಲೆಯಲ್ಲಿ ಕುಳಿತಿದ್ದ ತಾಯಿ ಮರೆವ್ವ, ಯಾರೂ ಕೇಳದಿದ್ದರೂ. ಸಾವಕಾರರ ಮನೆಯ ದನದ ಕೊಟ್ಟಿಗೆಯಲ್ಲಿ ಅವಳು ಸೆಗಣಿ ಬಳಿದದ್ದು ಇಪ್ಪತ್ತೆಂಟು ವರ್ಷ. "ಹಿತ್ತಾಳಿ ಗುಂಡಿ. ಮತ್ತೊಂದಕ್ಕ ಆಕ್ಕಾವಂತ. ಕತ್ತರೀಲೆ ಕತ್ತರಸತಿದ್ರ ಪಾಡಿತ್ತು, ಜಗ್ಗಿ ಕೀಳತಿದ್ರು. ಅರಿವಿ ಹರಿದ ಬರತಿತ್ತು."

ಎರಡು ದಿನ ಬಿಟ್ಟು ನಿಜಗುಣಪ್ಪನವರಿಂದಲೇ ಕರೆ ಬಂತು. ಸಾಲಹಳ್ಳಿಯ ಹೊಲಮನೆಯನ್ನು ಮಗನಿಗೆ ಬಿಟ್ಟು ಅವರು ಈಗ ರಾಮದುರ್ಗದಲ್ಲೇ ಇರುತ್ತಿದ್ದರು. ಹೈಸ್ಕೂಲಿನ ಆಡಳಿತ ಮಂಡಳಿಯ ಚೇರಮನ್ನರೂ ಅವರೇ. ಹನ್ನೊಂದು ವರ್ಷದ ಹಿಂದೆ, ಮಂಡಳಿಯ ಇಬ್ಬರು ಮೂಗು ಮುರಿದರೂ ಪರಪ್ಪನಿಗೆ ನೌಕರಿ ಕೊಟ್ಟವರೂ ಅವರೇ. ಆ ಉಪಕಾರವನ್ನು ಪರಪ್ಪ ಎಂದೂ ಮರೆತಿರಲಿಲ್ಲ. ಮರೆಯುವುದಕ್ಕೆ ಅವರೂ ಬಿಟ್ಟಿರಲಿಲ್ಲ.

"ಕೋಟ್ ಹೊಲಸಾಕ ಹತ್ತೀಯಂತ? ಯಾಕೋ ಖರ್ಚ? ನನ್ನ ಮಗಂದು ಐತಿ, ಬೆಳಗಾವ್ಯಾಗ ಹೊಲಿಸಿದ್ದು. ಮದವಿಯೊಳಗ ಒಂದ ದಿನ ಹಾಕ್ಕೊಂಡಾನ. ಹೊಸಾದ ಇದ್ದಂಗ ಐತಿ."

"ಹೊಲಿಯಾಕ ಕೊಟ್ಟ ಬಿಟ್ಟೇನ್ರಿ ಸಾವಕಾರ್ರ."

"ಇರಲಿ ತಗೊ, ಎರಡ ಆಗ್ತಾವ." ಅವರು ನಕ್ಕರು. "ಐತವಾರ ನಿನಗ ಸಾಲ್ಯಾಗ ಸತ್ಕಾರ ಇಟ್ಟೇವಿ. ನಿನ್ನ ಎರಡ ವರ್ಷದ ರಜಾ ಮಂಜೂರಿ ಪತ್ರಾನೂ ಅಲ್ಲೇ ನಾಕ ಮಂದಿ ಮುಂದ ಸಹಿ ಮಾಡಿ ಕೊಡ್ತೇನಿ."

ಆ ಪತ್ರವಿದ್ದರೆ ತಿರುಗಿ ಬಂದಾಗ ಅದೇ ಶಾಲೆ, ಅದೇ ಹುದ್ದೆ. ಇಲ್ಲದಿದ್ದರೆ ಹನ್ನೊಂದು ವರ್ಷದ ಸೇವೆ ಮಣ್ಣುಪಾಲು. ಪರಪ್ಪ ಕೈಮುಗಿದು ಬಂದ.

ಐತವಾರ ಬೆಳಿಗ್ಗೆ ಅವನು ಹೊಸ ಕೋಟು ತೊಟ್ಟುಕೊಂಡೇ ಮನೆಯಿಂದ ಹೊರಬಿದ್ದ. ಇದು ಮರೆವ್ವನ ಹಟ. "ಯಾರೋ ಸಮುದ್ರದಾಗಿನ ಮಂದಿ ನೋಡೂದು, ನಾ ನೋಡಬಾರದೇನು?" ಎಂದಿದ್ದಳು. ಬಜಾರದಲ್ಲಿ ಹಾದು ಹೋಗುವಾಗ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ, "ವಕೀಲಿ ಪಾಸಾದೇನೋ ಪರಪ್ಪ?" ಎಂದು ಕೂಗಿದ. ಉಳಿದವರು ನಕ್ಕರು. ಪರಪ್ಪ ಕಾಲೆಳೆದೂ ನಡೆಯಲಿಲ್ಲ, ಬಿರುಸಾಗಿಯೂ ನಡೆಯಲಿಲ್ಲ. ಹೆಗಲ ಮೇಲೆ, ಬೆನ್ನ ಮೇಲೆ ಕೋಟು ತನ್ನದೇ ಇನ್ನೊಂದು ಚರ್ಮದಂತೆ ಕೂತಿತ್ತು.

ಶಾಲೆಯ ಸಭಾಗೃಹ ತುಂಬಿತ್ತು. ಮುಂದೆ ಊರ ಹಿರಿಯರು, ನಡುವೆ ಮಾಸ್ತರರು ಮತ್ತು ವಿದ್ಯಾರ್ಥಿಗಳು, ಕೊನೆಯ ಬೆಂಚಿನಲ್ಲಿ ಮರೆವ್ವ, ಕೃಷ್ಣವ್ವ. ಗೋಡೆಗೆ ಆತು ನಿಂತಿದ್ದ ಮೆಹಬೂಬಸಾಬ ತಾನು ಹೊಲಿದ ತೋಳಿನ ಮೇಲೇ ಕಣ್ಣಿಟ್ಟಿದ್ದ. ಹೂವಿನ ಹಾರವಾಯಿತು, ತೆಂಗಿನಕಾಯಿಯಾಯಿತು. ಆಮೇಲೆ ನಿಜಗುಣಪ್ಪನವರು ಮೈಕಿನ ಮುಂದೆ ಬಂದರು. ಶಾಲೆಯ ಜವಾನ ಹಿತ್ತಾಳೆಯ ತಾಟಿನಲ್ಲಿ ಮಡಚಿಟ್ಟ ಕರಿಯ ಕೋಟನ್ನು ಹಿಡಿದು ಅವರ ಪಕ್ಕದಲ್ಲಿ ನಿಂತ. ಕೋಟಿನ ಪಕ್ಕದಲ್ಲಿ ರಜೆಯ ಪತ್ರದ ಲಕೋಟೆ.

"ಈ ಪರಪ್ಪ ನಮ್ಮ ಕೊಟ್ಟಿಗ್ಯಾಗ ಆಡಿ ಬೆಳೆದ ಹುಡುಗ," ಎಂದರು ಅವರು. ದನಿಯಲ್ಲಿ ನಿಜವಾದ ಮಮತೆಯೇ ಇತ್ತು. "ಇವರಪ್ಪ ಶಟ್ಟೆಪ್ಪ ಸಾಯೂತನಕ ನಮ್ಮ ಮನಿ ಕೋಟ ಹಾಕ್ಕೊಂಡ. ಇವತ್ತ ಅವನ ಮಗ ನಮ್ಮ ಮನಿ ಕೋಟ ಹಾಕ್ಕೊಂಡ ಸಮುದ್ರ ದಾಟಾಕ ಹತ್ತ್ಯಾನ. ನಮ್ಮ ಋಣ ಇವರಿಗೆ ಹಡಗದಾಗೂ ಬಿಡೂದಿಲ್ಲ!"

ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ನಿಜಗುಣಪ್ಪನವರು ಕೋಟನ್ನು ಬಿಚ್ಚಿ ಎರಡೂ ಕೈಯಲ್ಲಿ ಎತ್ತಿ ಹಿಡಿದರು. "ಅದನ್ನ ತಗಿ, ಇದನ್ನ ಹಾಕ್ಕೊ."

ಪರಪ್ಪ ಆ ಕೋಟನ್ನು ನೋಡಿದ. ಒಳ್ಳೆಯ ಕೋಟು, ಉಣ್ಣೆಯದು. ಮೆಹಬೂಬಸಾಬ ಹೊಲಿದದ್ದಕ್ಕಿಂತ ಬಟ್ಟೆ ಮೇಲು. ಗುಂಡಿಗಳೂ ಎಲ್ಲ ಇದ್ದವು. ಅವನಿಗೇ ತಿಳಿಯದಂತೆ ಕಣ್ಣು ಮೇಲಿನಿಂದ ಕೆಳಗೆ ಅವನ್ನೇ ಹುಡುಕಿಕೊಂಡು ಹೋಗಿತ್ತು. ಎರಡು ನಿಮಿಷದ ಮಾತು. ತೆಗೆಯುವುದು, ಹಾಕಿಕೊಳ್ಳುವುದು, ಕೈಮುಗಿಯುವುದು, ಲಕೋಟೆ ತೆಗೆದುಕೊಂಡು ಕೆಳಗಿಳಿಯುವುದು. ಅವನ ಬೆರಳು ತನ್ನ ಕೋಟಿನ ಮೊದಲ ಗುಂಡಿಯ ತನಕ ಹೋಯಿತು ಕೂಡ. ಅಲ್ಲೇ ನಿಂತುಬಿಟ್ಟಿತು.

"ನಾ ಹಾಕ್ಕೊಂಡೇನಲ್ರಿ ಸಾವಕಾರ್ರ," ಎಂದ.

"ಅದಕ್ಕ ತಗಿ ಅಂದೆ."

"ತಗಿಯೂದಿಲ್ರಿ."

ಮೈಕು ಆ ಮಾತನ್ನು ಸಭಾಗೃಹದ ಕೊನೆಯ ತನಕ ಒಯ್ದಿತು. ಎಲ್ಲೋ ಒಂದು ಬೆಂಚು ಕಿರ್ ಎಂದಿತು. ಮುಖ್ಯೋಪಾಧ್ಯಾಯರು ಕುರ್ಚಿಯ ತುದಿಗೆ ಬಂದು ಕುಳಿತರು. ಪರಪ್ಪ ಮುಂದೆ ಹೋಗಿ ನಿಜಗುಣಪ್ಪನವರ ಕೈಯಿಂದ ಕೋಟನ್ನು ಮೆಲ್ಲಗೆ ತೆಗೆದುಕೊಂಡ. ತೋಳುಗಳನ್ನು ಒಳಗೆ ಸೇರಿಸಿ, ಸುಕ್ಕು ಬೀಳದಂತೆ ಮಡಚಿ ಅವರ ಕುರ್ಚಿಯ ಮೇಲಿಟ್ಟ.

"ನಮ್ಮಪ್ಪಗ ನೀವು ಕೊಟ್ಟ ಕೋಟಿಗೆ ಗುಂಡಿ ಇರತಿರಲಿಲ್ರಿ," ಎಂದ. ದನಿ ಏರಿರಲಿಲ್ಲ, ತರಗತಿಯಲ್ಲಿ ಪಾಠ ಹೇಳುವಾಗಿನ ದನಿಯೇ. "ಮುಳ್ಳ ಚುಚ್ಚಿಗೊಂತಿದ್ದ. ಇದಕ್ಕ ಗುಂಡಿ ಅದಾವ. ನಿಮ್ಮ ಮಗಗ ಇರಲಿ. ನೌಕರಿ ಕೊಟ್ರಿ, ಅದನ್ನ ಎಲ್ಲಿ ಹೋದ್ರೂ ನೆನಸ್ತೇನಿ. ಅರಿವಿ ಮಾತ್ರ ನಮ್ಮ ಮನ್ಯಾಗ ಸಾಕಾಗೈತ್ರಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಿಜಗುಣಪ್ಪನವರ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ, ಕಕ್ಕಾಬಿಕ್ಕಿ; ತಾವು ಏನು ತಪ್ಪು ಮಾಡಿದೆವು ಎನ್ನುವುದು ಅವರಿಗೆ ತಿಳಿದಂತೆ ಕಾಣಲಿಲ್ಲ. ಸಿಟ್ಟು ಆಮೇಲೆ ಬಂತು. ತಾಟಿನಲ್ಲಿದ್ದ ಲಕೋಟೆಯನ್ನು ತೆಗೆದು ತಮ್ಮ ಕಿಸೆಯಲ್ಲಿಟ್ಟುಕೊಂಡು, "ಮುಂದಿನ ಕಾರ್ಯಕ್ರಮ ನಡಸ್ರಿ" ಎಂದು ಇಳಿದುಹೋದರು.

ಮುಖ್ಯೋಪಾಧ್ಯಾಯರು ಮಧ್ಯಾಹ್ನವೇ ಮನೆಗೆ ಬಂದರು. "ಸಂಜೀಕ ಹೋಗಿ ತಪ್ಪಾತು ಅಂತ ಒಂದ ಮಾತ ಅಂದ ಬಿಡ್ರಿ. ಸಹಿ ಮಾಡತಾರ, ಕೆಟ್ಟ ಮನಶ್ಯಾ ಅಲ್ಲ."

"ಕೆಟ್ಟವರು ಅಂತ ನಾನೂ ಅಂದಿಲ್ರಿ ಸರ್," ಎಂದ ಪರಪ್ಪ.

ಅವರು ಹೋದ ಮೇಲೆ ಕೃಷ್ಣವ್ವ ಬಾಯಿಬಿಟ್ಟಳು. "ಹನ್ನೊಂದ ವರ್ಷದ ನೌಕರಿ. ಎರಡ ನಿಮಿಷ ಹಾಕ್ಕೊಂಡು, ಕೆಳಗ ಇಳದ ಮ್ಯಾಲೆ ತಗದಿದ್ರ ಮೈ ಸವೀತಿತ್ತೇನ್ರಿ?"

"ಎರಡ ನಿಮಿಷ ಅಂತ ನಮ್ಮಪ್ಪನೂ ಅಂದಕೊಂಡಿರಬೇಕು."

"ನಿಮ್ಮಪ್ಪಗ ಮಾತ ಬರಲಿಲ್ಲ, ನಿಮಗ ಬಂತು. ಎರಡ ವರ್ಷದ ಮ್ಯಾಲೆ ಮಕ್ಕಳ ಊಟಕ್ಕ ಆ ಮಾತ ಬಡಸ್ಲೇನು?"

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮರೆವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಲೇ ಇದ್ದಳು. ಅವತ್ತು ಬೇಕಾದದ್ದಕ್ಕಿಂತ ಹತ್ತು ರೊಟ್ಟಿ ಹೆಚ್ಚೇ ಬಡಿದಳು.

ಸೋಮವಾರ ಸ್ಟಾಫ್ ರೂಮಿನ ಮೇಜಿನ ಮೇಲೆ ಪರಪ್ಪ ಎರಡು ಸಾಲು ಬರೆದ. ರಜೆಗೆ ಚೇರಮನ್ನರ ಸಹಿ ಬೇಕು. ಬಿಟ್ಟು ಹೋಗುವವನಿಗೆ ತನ್ನ ಸಹಿ ಸಾಕು. ರಾಜೀನಾಮೆಯ ಕಾಗದ ಮುಖ್ಯೋಪಾಧ್ಯಾಯರ ಕೈಗಿಟ್ಟು, ಪ್ರಯೋಗಶಾಲೆಯ ಬೀಗದ ಕೈಯನ್ನು ಅದರ ಮೇಲಿಟ್ಟು ಹೊರಗೆ ಬಂದ.

ಹೊರಡುವ ದಿನ ಕೃಷ್ಣವ್ವನೇ ಟ್ರಂಕು ತುಂಬಿದಳು. ಒಂದು ವಾರದಿಂದ ಅವಳು ಬೇಕಾದಷ್ಟೇ ಮಾತಾಡುತ್ತಿದ್ದಳು. ಕೋಟನ್ನು ಹಳೆಯ ಸೀರೆಯಲ್ಲಿ ಸುತ್ತಿ ಎಲ್ಲಕ್ಕಿಂತ ಮೇಲಿಟ್ಟು ಮುಚ್ಚಳ ಹಾಕಿದಳು. ಮತ್ತೆ ತೆಗೆದು ಒಮ್ಮೆ ಸರಿಪಡಿಸಿದಳು.

"ಹಾಕ್ಕೊಳ್ರಿ ಮತ್ತ ಅಲ್ಲಿ," ಎಂದಳು ಮುಖ ಎತ್ತದೆ. "ಯಾರರೆ ಏನರೆ ಅಂದಾರಂತ ಖೋಲ್ಯಾಗ ಒಬ್ಬರ ಕುಂತ ಉಣಬ್ಯಾಡ್ರಿ. ಇಷ್ಟ ಕಳಕೊಂಡ ಮ್ಯಾಲೆ ಎಲ್ಲಾರ ನಡಬರಕ ಹೋಗಿ ಕುಂತ ಉಣ್ರಿ."

ಧಾರವಾಡದ ಬಸ್ಸು ಹೊರಡುವಾಗ ಅವಳು ಅಳಲಿಲ್ಲ. ಅತ್ತದ್ದು ಪರಪ್ಪ, ಬಸ್ಸು ಮಲಪ್ರಭೆಯ ಸೇತುವೆ ದಾಟಿದ ಮೇಲೆ.

ಕ್ಯಾಪ್ಟನ್ನರ ಮೊದಲ ಭೋಜನ ಹಡಗು ಹೊರಟ ನಾಲ್ಕನೆಯ ದಿನ ಬಂತು. ನಾಲ್ಕು ದಿನದಲ್ಲಿ ಎರಡು ದಿನ ಪರಪ್ಪ ವಾಂತಿ ಮಾಡಿಕೊಂಡೇ ಕಳೆದಿದ್ದ. ಆದರೂ ಸಂಜೆ ಆರಕ್ಕೇ ಎದ್ದು ಮುಖ ಕ್ಷೌರ ಮಾಡಿಕೊಂಡ. ಬಿಳಿ ಅಂಗಿ, ಕೋಟು. ಕೊರಳಿಗೆ ಬೋ ಇಟ್ಟು ಹಿಂದೆ ಕೈ ಹಾಕಿ ಹುಕ್ಕು ಸಿಕ್ಕಿಸಿದ. ಕನ್ನಡಿಯೊಳಗಿನ ಮನುಷ್ಯ ಹಡಗಿನ ಜೊತೆ ಅತ್ತಿತ್ತ ತೂಗುತ್ತಿದ್ದ.

ಊಟದ ಕೋಣೆಯ ಬಾಗಿಲಿಗೆ ಬಂದು ನೋಡಿದರೆ ಪುಸ್ತಿಕೆಯ ಚಿತ್ರದಂತೆ ಬಂದವರು ಕೆಲವರೇ. ಅರ್ಧಕ್ಕರ್ಧ ಜನ ಬರೀ ಅಂಗಿ ಪ್ಯಾಂಟಿನಲ್ಲಿದ್ದರು. ಒಬ್ಬ ಗುಜರಾತಿ ವ್ಯಾಪಾರಿ ಬಿಳಿ ಧೋತರ, ಕರಿ ಟೊಪ್ಪಿಗೆಯಲ್ಲಿ ಆರಾಮಾಗಿ ಕುಳಿತು ಪಾಪಡ್ ಮುರಿಯುತ್ತಿದ್ದ. ಏಳನೆಯ ಪುಟವನ್ನು ಇಷ್ಟು ನಂಬಿ ಬಂದವನು ತಾನೇ ಇರಬೇಕು ಎಂದುಕೊಂಡ ಪರಪ್ಪನಿಗೆ ನಗು ಬಂತು. ತಿರುಗಿ ಹೋಗಿ ಕೋಟು ತೆಗೆದಿಟ್ಟು ಬರಬಹುದಿತ್ತು. ಅವನು ಕೋಟಿನ ತೋಳು ಜಗ್ಗಿ ಸರಿಮಾಡಿಕೊಂಡು, ಕೋಣೆಯ ನಟ್ಟನಡುವಿನ ದಾರಿಯಲ್ಲೇ ನಡೆದು ತನ್ನ ಮೇಜಿಗೆ ಹೋದ.

ಅಲ್ಲಿ ಐದು ಜನ ಆಗಲೇ ಕುಳಿತಿದ್ದರು. ಎದುರಿಗೆ ಪುಣೆಯ ಕಡೆಯ ನಿವೃತ್ತ ಇಂಜಿನಿಯರು ಮತ್ತು ಅವರ ಹೆಂಡತಿ; ಮಗನ ಮನೆಗೆ ಹೊರಟವರು. ಸೂಪು ಬರುತ್ತಿದ್ದಂತೆ ಅವರು ಪರಪ್ಪನನ್ನು ಮೆಚ್ಚುಗೆಯಿಂದಲೇ ನೋಡಿ ಮರಾಠಿಯಲ್ಲಿ ಮಾತು ತೆಗೆದರು. ಊರು ಯಾವುದು? ರಾಮದುರ್ಗ. ಹೌದೇ, ನಮ್ಮ ಬ್ರಾಹ್ಮಣರ ಸಂಸ್ಥಾನವಾಗಿತ್ತಲ್ಲ ಅದು! ಕೆಲಸ? ವಿಜ್ಞಾನದ ಮಾಸ್ತರ. ಹಾಗಾದರೆ ಅಡ್ಡಹೆಸರು?

ಈ ಪ್ರಶ್ನೆ ಬಂದಾಗಲೆಲ್ಲ ಪರಪ್ಪ ಇಷ್ಟು ವರ್ಷ ತಂದೆಯ ಹೆಸರು ಹೇಳಿ ಜಾರಿಕೊಂಡಿದ್ದ. ಬಾಡಿಗೆಗೆ ಮನೆ ಹುಡುಕುವಾಗ, ರೇಲ್ವೆಯಲ್ಲಿ, ಮಾಸ್ತರರ ತರಬೇತಿಯ ಊಟದ ಪಂಕ್ತಿಯಲ್ಲಿ. ಅವನು ಚಮಚವನ್ನು ತಟ್ಟೆಯ ಪಕ್ಕಕ್ಕಿಟ್ಟ.

"ಮಾದರ," ಎಂದ. ಆಮೇಲೆ ಅವರು ಊಹೆ ಮಾಡುತ್ತ ಕೂರುವುದು ಬೇಡವೆಂದು ಮರಾಠಿಯಲ್ಲೇ ಬಿಡಿಸಿ ಹೇಳಿದ. "ನಮ್ಮದು ಚರ್ಮ ಹದ ಮಾಡುವ ಮನೆತನ. ನಮ್ಮ ಅಜ್ಜ ಚಪ್ಪಲಿ ಹೊಲಿಯುತ್ತಿದ್ದ. ಚಲೋ ಹೊಲಿಯುತ್ತಿದ್ದನಂತೆ."

ಮುದುಕರ ಚಮಚ ಬಾಯಿಯ ಹತ್ತಿರ ನಿಂತಿತು. ಅವರ ಹೆಂಡತಿ ಗಂಡನ ಮುಖ ನೋಡಿದರು. ಪರಪ್ಪ ಕಣ್ಣು ತೆಗೆಯದೆ ಅವರನ್ನೇ ನೋಡುತ್ತ ಕುಳಿತ.

ಅಷ್ಟರಲ್ಲಿ ಕೆಳಗೆಲ್ಲೋ ದೊಡ್ಡ ಅಲೆಯೊಂದು ಬಂದು ಹಡಗನ್ನು ಎತ್ತಿತು. ಕೋಣೆಯ ದೀಪಗಳೆಲ್ಲ ಒಟ್ಟಿಗೆ ವಾಲಿದವು. ಮೇಜಿನ ಆರೂ ತಟ್ಟೆಗಳಲ್ಲಿ ಸೂಪು ಒಂದೇ ಕಡೆಗೆ ಸರಿದು ಅಂಚಿನ ತನಕ ಬಂದು ನಿಂತಿತು. ಆರೂ ಜನ ತಮ್ಮ ತಮ್ಮ ತಟ್ಟೆಗೆ ಕೈಹಚ್ಚಿ, ಸೂಪು ತಿರುಗಿ ನಡುವಿಗೆ ಬರುವುದನ್ನು ಕಾಯುತ್ತ ಕುಳಿತರು.